ವೋಟ್ ಹಾಕಿ ಅನ್ನುವ ಮೊದಲು ಪಟ್ಟಿಯಲ್ಲಿ ಹೆಸರಿದೆಯಾ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಅಮೆರಿಕದಲ್ಲಿ ಚರ್ಚಿನವರು ಪ್ರಾರ್ಥನೆ ಮುಗಿಸಿ ಜನರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ವೋಟ್ ಹಾಕಿಸುತ್ತಾರಂತೆ, ನಮ್ಮ ಮಠ, ಮಸೀದಿ, ಚರ್ಚುಗಳೂ ದುಡಿದು ತಿನ್ನುವ ಬಡ ಕುಟುಂಬಗಳಿಗಾಗಿ ಹಾಗೆ ಮಾಡಬಹುದಾ, ಮಾಡಿದರೆ ಅದು ರಾಜಕೀಯ ಆಗಲ್ವಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಬಸ್ಸು ಬೇಡ. ಪ್ರವಚನವೂ ಬೇಡ. ಒಂದು ಟೇಬಲ್ಲು, ಎರಡು ಕುರ್ಚಿ, ಕಾಗದಪತ್ರ ಓದಿ ಹೇಳುವ ಒಬ್ಬ ಮನುಷ್ಯ ಇದ್ದರೆ ಸಾಕು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ನಂದು ಗದಗ-ಬೆಟಗೇರಿಯಲ್ಲಿ ಒಂದು ಝೆರಾಕ್ಸ್ ಅಂಗಡಿ. ಹೆಸರಿಗೆ ಝೆರಾಕ್ಸ್, ನಡೆಯುವುದೆಲ್ಲ ಅರ್ಜಿ ತುಂಬುವ ಕೆಲಸ. ಮಗ್ಗದವರು, ಗೌಂಡಿಗಳು, ಹಮಾಲರು, ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಬರುತ್ತಾರೆ. ಇವರಿಗೆ ವೋಟ್ ಹಾಕಿ ಅಂತ ಯಾರೂ ಹೇಳಬೇಕಾಗಿಲ್ಲ. ಚುನಾವಣೆ ದಿನ ಬೆಳಿಗ್ಗೆ ಏಳಕ್ಕೆ ನಮ್ಮ ಓಣಿಯ ಬೂತಿಗೆ ಹೋಗಿ ನೋಡಿ, ಸಾಲಿನ ಮುಂದೆ ಇರುವವರು ಇವರೇ. ಮತದಾನ ಪವಿತ್ರ ಕರ್ತವ್ಯ ಅಂತ ಭಾಷಣ ಕೇಳಬೇಕಾದವರು ಆ ಹೊತ್ತಿಗೆ ಇನ್ನೂ ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಾರೆ. ಬಡವರ ತೊಂದರೆ ಬೇರೆ.

2024ರ ಮೇ 7, ಲೋಕಸಭೆ ಚುನಾವಣೆ. ನಮ್ಮ ಗದಗ ಹಾವೇರಿ ಕ್ಷೇತ್ರಕ್ಕೆ ಸೇರುತ್ತದೆ. ಮಧ್ಯಾಹ್ನ ಅಂಗಡಿ ಅರ್ಧ ಬಾಗಿಲು ಹಾಕಿ ಕೂತಿದ್ದೆ. ತಾಂಡಾದ ಒಬ್ಬಳು ಅಕ್ಕ ಬಂದಳು. ಗಂಡ ಹೆಂಡತಿ ಇಬ್ಬರೂ ದಸರಾ ಮುಗಿಸಿ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದವರು, ವೋಟಿಗೆ ಅಂತಲೇ ಖರ್ಚು ಮಾಡಿಕೊಂಡು ಬಂದಿದ್ದಾರೆ. ಕೈಯಲ್ಲಿ ವೋಟರ್ ಕಾರ್ಡು, ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದಳು. ಬೂತಿನಲ್ಲಿ ನಿನ್ನ ಹೆಸರಿಲ್ಲ ಅಂದರಂತೆ. ಮೊಬೈಲಿನಲ್ಲಿ ಪಟ್ಟಿ ತೆಗೆದು ನೋಡಿದೆ. ಗಂಡನ ಹೆಸರಿದೆ. ಅತ್ತೆಯ ಹೆಸರೂ ಇದೆ, ಆಕೆ ತೀರಿಕೊಂಡು ಮೂರು ವರ್ಷ ಆಗಿದೆ. ಈಕೆಯದು ಮಾತ್ರ ಇಲ್ಲ. "ಸತ್ತೋರಿಗೆ ವೋಟ್ ಐತಿ, ನನಗಿಲ್ಲೇನ್ರೀ ಅಣ್ಣಾರ?" ಅಂತ ಕೇಳಿದಳು. ಏನು ಹೇಳಲಿ? ಕಾರ್ಡು ಇದ್ದರೆ ಸಾಲದು, ಪಟ್ಟಿಯಲ್ಲಿ ಹೆಸರಿರಬೇಕು ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ದುಡಿಯಲು ಹೋಗಿ ಕೆಲವು ತಿಂಗಳು ಊರಲ್ಲಿ ಇಲ್ಲದಿದ್ದ ಮಾತ್ರಕ್ಕೆ ಹೆಸರು ತೆಗೆಯುವ ಹಾಗಿಲ್ಲ, 1950ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ಆ ಮಾತಿದೆ. ಆದರೆ ಮನೆಗೆ ಬೀಗ ಕಂಡರೆ ಪಟ್ಟಿ ಪರಿಶೀಲನೆಗೆ ಬಂದವರು ಊರು ಬಿಟ್ಟಿದ್ದಾರೆ ಅಂತ ಬರೆದುಕೊಂಡು ಹೋಗುವುದೂ ಇದೆ.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಓಣಿಯ ಹತ್ತಿರ ಒಂದು ಸಣ್ಣ ಮಠ ಇದೆ, ಅಮಾವಾಸ್ಯೆಗೆ ದಾಸೋಹ ಇರುತ್ತದೆ. ಅಜ್ಜಾರ, ಅಂದರೆ ಆ ಮಠದ ಸ್ವಾಮಿಗಳ ಹತ್ತಿರ ಹೋಗಿ ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಟೇಬಲ್ ಹಾಕಿಕೊಳ್ಳಲಾ ಅಂತ ಕೇಳಿದೆ. "ಹಾಕ್ಕೋಪಾ, ಆದ್ರ ಯಾವ ಪಕ್ಷದ ಸುದ್ದಿನೂ ಬ್ಯಾಡ" ಅಂದರು. ಊಟ ಮಾಡಿ ಕೈ ತೊಳೆದು ಬಂದವರ ಕಾರ್ಡಿನ ನಂಬರು ಹಾಕಿ ನೋಡುವುದು, ಅಷ್ಟೇ ಕೆಲಸ. ಹೆಸರಿಲ್ಲದವರಿಗೆ ನಮೂನೆ 6, ಹೆಸರು ತಪ್ಪಿದ್ದರೆ ಅಥವಾ ಮನೆ ಬದಲಾಗಿದ್ದರೆ ನಮೂನೆ 8. ಮೊದಲ ಅಮಾವಾಸ್ಯೆಗೇ ಎಣಿಸಲು ಒಂದು ಕೈ ಬೆರಳು ಸಾಲದಷ್ಟು ಜನರ ಹೆಸರು ಇರಲಿಲ್ಲ. ಒಬ್ಬ ಹುಡುಗನಿಗೆ 18 ತುಂಬಿ ಎರಡು ವರ್ಷ ಆಗಿತ್ತು, ಜನವರಿಯಲ್ಲಿ ಮಾತ್ರ ಸೇರಿಸುತ್ತಾರೆ ಅಂದುಕೊಂಡು ಪ್ರತಿ ವರ್ಷ ಮರೆಯುತ್ತಿದ್ದ. ಈಗ ಹಾಗಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳ 1ನೇ ತಾರೀಖನ್ನೂ ವಯಸ್ಸಿನ ಲೆಕ್ಕಕ್ಕೆ ಹಿಡಿಯುತ್ತಾರೆ.

ಇದನ್ನು ಕಚೇರಿಯಲ್ಲಿ ಮಾಡಬಾರದಾ ಅಂತ ನೀವು ಕೇಳಬಹುದು. ಕಚೇರಿಗೆ ಹೋದರೆ ಒಂದು ದಿನದ ಪಗಾರ ಹೋಗುತ್ತದೆ. ನನ್ನ ಅಂಗಡಿಗೆ ಬಂದರೂ ಎಷ್ಟು ಕೇಳುತ್ತಾನೋ ಅನ್ನುವ ಅಂಜಿಕೆ. ಮಠಕ್ಕೆ ಹೇಗೂ ಬಂದಿರುತ್ತಾರೆ, ಮಕ್ಕಳು ಮರಿ ಸಮೇತ, ಹೊಟ್ಟೆ ತುಂಬಿರುತ್ತದೆ, ಅವಸರ ಇರುವುದಿಲ್ಲ. ಮಸೀದಿಯ ಜಮಾತಿನ ಹಿರಿಯರು ಇದನ್ನು ನೋಡಿ ಶುಕ್ರವಾರ ಜುಮ್ಮಾ ನಮಾಜ್ ಆದ ಮೇಲೆ ನಮ್ಮ ಕಡೆಗೂ ಬಾ ಅಂದರು. ಬಾಸೆಲ್ ಮಿಷನ್‌ನವರು ಎಂದೋ ಬಂದು ನೆಲೆಸಿದ ಊರು ನಮ್ಮದು, ಭಾನುವಾರ ಚರ್ಚಿನ ಅಂಗಳದಲ್ಲೂ ಕೂತೆ.

ಆಮೇಲೆ ಕೆಟ್ಟಿತು. ಮಠದ ಕಮಿಟಿಯ ಒಬ್ಬರು, ಹೆಸರು ಬೇಡ ಬಿಡಿ, ಅರ್ಜಿ ತುಂಬಿಸಿಕೊಂಡು ಹೊರಟವರ ಹೆಗಲ ಮೇಲೆ ಕೈ ಹಾಕಿ "ಹೆಸರು ಬಂದ ಮ್ಯಾಲ ನಮ್ಮವರನ್ನ ಮರೀಬ್ಯಾಡ" ಅನ್ನಲು ಶುರು ಮಾಡಿದರು. ನನಗೆ ಗೊತ್ತಾಗಿದ್ದು ತಡವಾಗಿ. ಮುಂದಿನ ಅಮಾವಾಸ್ಯೆಗೆ ಟೇಬಲ್ ಹತ್ತಿರ ಅರ್ಧ ಜನ ಬರಲಿಲ್ಲ. ಜಮಾತಿನವರು ಫೋನ್ ಎತ್ತುವುದನ್ನೇ ಬಿಟ್ಟರು, ಚರ್ಚಿನ ಪಾಸ್ಟರ್ ಮೆತ್ತಗೆ ಈಗ ಬೇಡ ಅಂದರು. ಅಜ್ಜಾರು ಆ ಮನುಷ್ಯನನ್ನು ಎಲ್ಲರೆದುರು ಬೈದರು ನಿಜ, ಆದರೆ ಜನ ಮತ್ತೆ ನಂಬಿ ಬರಲು ಏಳೆಂಟು ತಿಂಗಳು ಬೇಕಾಯಿತು. ತಪ್ಪು ನಂದೂ ಇದೆ. ಟೇಬಲ್ ಹಾಕಿದ ಮೇಲೆ ಅದರ ಸುತ್ತ ಯಾರು ಏನು ಮಾತಾಡುತ್ತಾರೆ ಅಂತ ನಾನೇ ನೋಡಬೇಕಿತ್ತು, ಅಲ್ವಾ?

ರಾಜಕೀಯ ಆಗಲ್ವಾ ಅನ್ನುವ ನಿಮ್ಮ ಮಾತಿಗೆ ಉತ್ತರ ಇಲ್ಲೇ ಇದೆ. ಕಾನೂನೂ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಪ್ರಕಾರ ಅಭ್ಯರ್ಥಿ ಕಡೆಯವರು ಧರ್ಮ, ಜಾತಿ ಹೇಳಿ ವೋಟ್ ಕೇಳುವುದು ಚುನಾವಣೆಯ ಭ್ರಷ್ಟ ನಡವಳಿಕೆ. ಮತದಾರನ ಧರ್ಮದ ಹೆಸರು ಹೇಳಿ ಕೇಳುವುದೂ ಅದರಲ್ಲೇ ಬರುತ್ತದೆ ಅಂತ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ಜಡ್ಜುಗಳ ಪೀಠ 4-3ರಲ್ಲಿ ತೀರ್ಪು ಕೊಟ್ಟಿತು. ದೇವರ ಸಿಟ್ಟಿಗೆ ಗುರಿಯಾಗುತ್ತೀ ಅಂತ ಹೆದರಿಸುವುದೂ ಅದೇ ಕಲಂನಲ್ಲಿದೆ. ನಮ್ಮ ಕಡೆ ಭಂಡಾರ, ಅಂದರೆ ದೇವರ ಅರಿಶಿನ ಮುಟ್ಟಿಸಿ ಆಣೆ ಮಾಡಿಸುವುದು ನಿಮಗೆ ಗೊತ್ತಿರಬೇಕು, ಅದು ಇದೇ. ಗುಡಿ, ಮಸೀದಿ, ಚರ್ಚಿನ ಜಾಗವನ್ನು ಪಕ್ಷದ ಕೆಲಸಕ್ಕೆ ಬಳಸಬಾರದು ಅಂತ 1988ರದ್ದು ಬೇರೆ ಕಾಯ್ದೆಯೇ ಇದೆ.

ಹಾಗಂತ ಸ್ವಾಮಿಗಳು ರಾಜಕೀಯಕ್ಕೆ ಬರಲೇಬಾರದು ಅಂತಲ್ಲ. 2024ರಲ್ಲಿ ಶಿರಹಟ್ಟಿಯ ದಿಂಗಾಲೇಶ್ವರ ಸ್ವಾಮೀಜಿ ಧಾರವಾಡ ಲೋಕಸಭೆಗೆ ನಾಮಪತ್ರ ಹಾಕಿ ಆಮೇಲೆ ವಾಪಸ್ ತೆಗೆದುಕೊಂಡರು. ನಿಲ್ಲುವುದು ಅವರ ಹಕ್ಕು. ನಾನು ಹೇಳುತ್ತಿರುವುದು ದಾಸೋಹದ ಪಕ್ಕದ ಟೇಬಲ್ಲಿನ ಸುದ್ದಿ.

ಬಸ್ಸು ಯಾಕೆ ಬೇಡ ಅಂದೆ ಅಂದರೆ, ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಚುನಾವಣೆ ಮಂಗಳವಾರ, ದೇಶಕ್ಕೆಲ್ಲ ರಜೆ ಇರುವುದಿಲ್ಲ. ಹಲವು ರಾಜ್ಯಗಳಲ್ಲಿ ಮೊದಲೇ ವೋಟ್ ಹಾಕಲು ಅವಕಾಶ ಇದೆ, ಕೆಲವು ಕಡೆ ಭಾನುವಾರವೂ. ಕರಿಯರ ಚರ್ಚುಗಳು ಆ ಭಾನುವಾರವನ್ನೇ ಹಿಡಿದುಕೊಂಡವು. ನಮ್ಮ ಬೂತು ನಡೆದು ಹೋಗುವಷ್ಟು ಹತ್ತಿರ. ಮೇಲಾಗಿ ಅಭ್ಯರ್ಥಿ ಕಡೆಯವರು ಮತದಾರರಿಗೆ ಪುಕ್ಕಟೆ ಗಾಡಿ ಮಾಡುವುದು ಇಲ್ಲಿ ಅಪರಾಧ, ನಿಮ್ಮ ಬಸ್ಸನ್ನು ನೋಡಿದವರು ಯಾರದ್ದು ಅಂತ ಕೇಳೇ ಕೇಳುತ್ತಾರೆ.

ರಜೆಯ ವಿಷಯ ಮಾತ್ರ ಮಠ ಮಸೀದಿಗಳು ಬಾಯಿ ಬಿಟ್ಟು ಹೇಳಬೇಕು. ಚುನಾವಣೆ ದಿನ ಕೆಲಸಗಾರರಿಗೆ ಪಗಾರದ ಸಮೇತ ರಜೆ ಕೊಡಬೇಕು, ದಿನಗೂಲಿಯವರಿಗೂ, ಅಂತ ಅದೇ 1951ರ ಕಾಯ್ದೆಯ 135-ಬಿ ಕಲಂನಲ್ಲಿದೆ. ದಂಡ 500 ರೂಪಾಯಿವರೆಗೆ, ಅದಕ್ಕೆ ಯಾವ ಸಾಹುಕಾರ ಹೆದರುತ್ತಾನೆ? ಆದರೆ ಅದೇ ಸಾಹುಕಾರ ಅಜ್ಜಾರ ಮಾತಿಗೆ ಅಂಜುತ್ತಾನೆ. ನಮ್ಮ ಅಜ್ಜಾರು ಒಂದು ಅಮಾವಾಸ್ಯೆ "ಆವತ್ತಿನ ಪಗಾರ ಹಿಡಿಯೋರು ಮಠಕ್ಕ ಕಾಣಿಕಿ ತರಬ್ಯಾಡ್ರಿ" ಅಂದುಬಿಟ್ಟರು. ಎಷ್ಟು ಜನ ಕೇಳಿದರೋ, ಎದುರು ಕೂತಿದ್ದ ಇಬ್ಬರು ಗುತ್ತಿಗೆದಾರರ ಮುಖ ಅಂತೂ ನೋಡುವ ಹಾಗಿತ್ತು.

ವೋಟ್ ಆದ ಮೇಲೆ ಏನು ಅಂತಲೂ ಕೇಳಿದ್ದೀರಿ. ಬಡವರ ಪರ ನಿಂತ ಮಠಗಳು ನಮ್ಮ ಜಿಲ್ಲೆಗೆ ಹೊಸದಲ್ಲ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಕಡೆ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಜಮೀನು ಹೋಗುತ್ತದೆ ಅಂದಾಗ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ಬೀದಿಗಿಳಿದರು, ಯೋಜನೆ ಬಿತ್ತು. 2017ರಲ್ಲಿ ನಮ್ಮ ಜಿಲ್ಲೆಯ ಕಪ್ಪತಗುಡ್ಡದ ಕಾಡು ಉಳಿಸಲು ಮತ್ತೆ ಧರಣಿ ಕೂತರು. ಅಷ್ಟು ದೊಡ್ಡದು ನಮ್ಮಿಂದ ಆಗಲ್ಲ. ನಾವು ಕೇಳಿದ್ದು ಒಂದೇ, ರೇಷನ್ ಅಂಗಡಿಯನ್ನು ತಿಂಗಳಲ್ಲಿ ಎರಡು ದಿನವಾದರೂ ರಾತ್ರಿ ಎಂಟರವರೆಗೆ ತೆಗೆದಿಡಿ ಅಂತ. ಹಗಲು ಬಂದರೆ ಕೂಲಿ ಹೋಗುತ್ತದೆ, ಬಂದರೂ ಪಾತ್ರೆ ತಿಕ್ಕಿ ತಿಕ್ಕಿ ಸವೆದ ಹೆಬ್ಬೆರಳನ್ನು ಮಷೀನು ಒಪ್ಪುವುದಿಲ್ಲ, ನಾಳೆ ಬಾ ಅನ್ನುತ್ತಾರೆ, ಇನ್ನೊಂದು ಕೂಲಿ ಹೋಯಿತು. ಅಜ್ಜಾರು, ಜಮಾತಿನ ಹಿರಿಯರು, ಪಾಸ್ಟರ್ ಮೂವರೂ ಒಂದೇ ಕಾಗದಕ್ಕೆ ಸಹಿ ಹಾಕಿ ಒಟ್ಟಿಗೆ ಕಚೇರಿಗೆ ಹೋದರು. ನಾನು ಒಬ್ಬನೇ ಎರಡು ಸಲ ಹೋದಾಗ ಕುರ್ಚಿ ತೋರಿಸದ ಸಾಹೇಬರು ಆವತ್ತು ಚಹಾ ತರಿಸಿದರು. ಎರಡು ದಿನ ಕೇಳಿದ್ದಕ್ಕೆ ಒಂದು ದಿನ ಸಿಕ್ಕಿತು. ಇನ್ನೊಂದಕ್ಕೆ ಮತ್ತೆ ಹೋಗಬೇಕು.

ನಿಮ್ಮ ಊರಲ್ಲಿ ಶುರು ಮಾಡುವುದಾದರೆ ಚುನಾವಣೆ ಘೋಷಣೆ ಆಗುವವರೆಗೆ ಕಾಯಬೇಡಿ. ಆಗ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಚುನಾವಣೆ ಸುದ್ದಿಯೇ ಇಲ್ಲದಾಗ ಕೂರಿ. ಪ್ರತಿ ಅರ್ಜಿಯ ನಂಬರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಡ್ಡಿ ಬಂದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ.

ಅಂದಹಾಗೆ, ಆ ತಾಂಡಾದ ಅಕ್ಕನ ಹೆಸರು ಈಗ ಪಟ್ಟಿಯಲ್ಲಿದೆ. ಅತ್ತೆಯ ಹೆಸರೂ ಹಾಗೇ ಇದೆ. ನಮೂನೆ 7 ಕೊಟ್ಟು ತೆಗೆಸೋಣ ಅಂತ ನಾನು ಮೂರು ಸಲ ಹೇಳಿದೆ. "ಇರ್ಲಿ ಬಿಡ್ರೀ ಅಣ್ಣಾರ, ಮನಿ ಹಿರೇರು" ಅನ್ನುತ್ತಾಳೆ.