ಕೊಲೆಸ್ಟ್ರಾಲ್ ಇದ್ದವರು ಜೋಳದ ರೊಟ್ಟಿ ಬಿಟ್ಟು ಓಟ್ಸ್ ತಿನ್ನಬೇಕೇ?

ರೊಟ್ಟಿ ಬಿಡಿಸಬೇಡಿ. ವಿಜಯಪುರದಲ್ಲಿರುವ ನಿಮ್ಮ ತಂದೆಯವರು ಎರಡು ಹೊತ್ತು ಜೋಳದ ರೊಟ್ಟಿ ಉಣ್ಣುತ್ತಾರೆ, ಕೊಲೆಸ್ಟ್ರಾಲ್ ಹೆಚ್ಚಿದೆ, ಸಕ್ಕರೆ ಕಾಯಿಲೆಯೂ ಇದೆ ಎಂದು ಬರೆದಿದ್ದೀರಿ. ಓಟ್ಸ್ ಬರಬೇಕಾದದ್ದು ಬೆಳಗಿನ ಉಪ್ಪಿಟ್ಟು, ಸುಸಲಾ ಇರುವ ಜಾಗಕ್ಕೆ.

ನಾರಿನಲ್ಲಿ ಜೋಳವೇನೂ ಕಡಿಮೆಯಿಲ್ಲ. 100 ಗ್ರಾಂ ಜೋಳದಲ್ಲೂ ಅಷ್ಟೇ ತೂಕದ ಓಟ್ಸಿನಲ್ಲೂ ಸುಮಾರು 10 ಗ್ರಾಂ ನಾರಿದೆ. ಆದರೆ ಜೋಳದ ನಾರು ಬಹುಪಾಲು ನೀರಿನಲ್ಲಿ ಕರಗದು. ಓಟ್ಸಿನಲ್ಲಿ ಸುಮಾರು 4 ಗ್ರಾಂನಷ್ಟು ಬೀಟಾ ಗ್ಲುಕಾನ್ ಎಂಬ, ಕರಗಿ ಲೋಳೆಯಾಗುವ ನಾರಿದೆ. ಆ ಲೋಳೆ ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಮಲದೊಂದಿಗೆ ಹೊರಗೆ ಸಾಗಿಸುತ್ತದೆ; ಹೊಸ ಪಿತ್ತ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಎಳೆದುಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲುಕಾನ್ ಎಂಬ ಅಳತೆಯನ್ನು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಒಪ್ಪಿದೆ. ಅಂದರೆ ಸುಮಾರು 75 ಗ್ರಾಂ ಒಣ ಓಟ್ಸ್. ಇದರಿಂದ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಶೇ 5ರಿಂದ 7ರಷ್ಟು ಇಳಿಯಬಹುದು, ಅಷ್ಟೇ. ಡಾಕ್ಟರು ಕೊಟ್ಟ ಮಾತ್ರೆ ಮಾತ್ರ ಬಿಡಿಸಬೇಡಿ.

ಸಕ್ಕರೆ ಕಾಯಿಲೆಯವರು ಇನ್ನೊಂದು ಗಮನಿಸಬೇಕು. 100 ಗ್ರಾಂ ಓಟ್ಸಿನಲ್ಲಿ 13 ಗ್ರಾಂ ಪ್ರೋಟೀನ್, 7 ಗ್ರಾಂ ಕೊಬ್ಬು ಇದ್ದರೂ ಕಾರ್ಬೋಹೈಡ್ರೇಟ್ 65 ಗ್ರಾಂಗಿಂತ ಹೆಚ್ಚು, ಕ್ಯಾಲರಿ ಸುಮಾರು 380. ಉಪ್ಪಿಟ್ಟಿನ ಮೇಲೆ ಓಟ್ಸನ್ನೂ ತಿಂದರೆ ಸಕ್ಕರೆ ಏರುತ್ತದೆ. ಎರಡು ನಿಮಿಷದ ಇನ್‌ಸ್ಟಂಟ್ ಓಟ್ಸ್ ಬೇಡವೇ ಬೇಡ: ತೆಳ್ಳಗೆ ಪುಡಿಯಾಗಿರುವುದರಿಂದ ಬೇಗ ಜೀರ್ಣವಾಗಿ ಸಕ್ಕರೆಯನ್ನು ಜಿಗಿಸುತ್ತದೆ, ಮಸಾಲೆ ಪೊಟ್ಟಣದಲ್ಲಿ ಉಪ್ಪೂ ಜಾಸ್ತಿ. ದಪ್ಪ ಅವಲಕ್ಕಿಯಂತಿರುವ ರೋಲ್ಡ್ ಓಟ್ಸ್ ತನ್ನಿ.

ಮಾಡುವುದು ಸುಲಭ. 40 ಗ್ರಾಂ, ಅಂದರೆ ಅರ್ಧ ಕಪ್ ಓಟ್ಸಿಗೆ 250 ಮಿ.ಲೀ. ನೀರು, ಸಣ್ಣ ಉರಿಯಲ್ಲಿ 6–7 ನಿಮಿಷ ಕೈಯಾಡಿಸುತ್ತ ಬೇಯಿಸಿ. ಉರಿ ಜೋರಾದರೆ ಉಕ್ಕುತ್ತದೆ, ಹಾಗಾಗಿ ಪಾತ್ರೆ ದೊಡ್ಡದಿರಲಿ. ಉಗುರುಬೆಚ್ಚಗಾದ ಮೇಲೆ ಜೋಳದ ನುಚ್ಚಿನ ಹಾಗೆ ಮಜ್ಜಿಗೆ ಕಲಸಿ. ಬಿಸಿಯಲ್ಲೇ ಹಾಕಿದರೆ ಮಜ್ಜಿಗೆ ಒಡೆಯುತ್ತದೆ. ಅಗಸಿ ಹಿಂಡಿ ಒಂದು ಚಮಚ, ಮೇಲೊಂದಿಷ್ಟು ಮಡಕಿ ಕಾಳಿನ ಉಸಲಿ ಇದ್ದರೆ ಪ್ರೋಟೀನೂ ಸೇರಿತು. ಬೆಲ್ಲ, ಜೇನು ಬೇಡ. ಉಳಿದ 35 ಗ್ರಾಂ ಸಂಜೆಗೆ ತೆಳ್ಳಗೆ ಅಂಬಲಿ ಮಾಡಿ, ಆದರೆ ಅಂದು ರಾತ್ರಿ ರೊಟ್ಟಿ ಒಂದು ಕಡಿಮೆ ಮಾಡಿ.

ಮೊದಲ ವಾರ 20 ಗ್ರಾಂ ಸಾಕು. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ, ನೀರು ಕಡಿಮೆ ಕುಡಿದರೆ ಮಲ ಗಟ್ಟಿಯಾಗುತ್ತದೆ. ಮೂತ್ರಪಿಂಡದ ತೊಂದರೆಯಿದ್ದರೆ ರಂಜಕ, ಪೊಟ್ಯಾಸಿಯಂ ಲೆಕ್ಕ ನೋಡಬೇಕಾಗುತ್ತದೆ, ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ನಿಮ್ಮಲ್ಲಿ ಬೇಸಿಗೆ ಬಿರುಸು. ಓಟ್ಸಿನ ಕೊಬ್ಬು ಬೇಗ ಕಮಟುತ್ತದೆ. ಸಣ್ಣ ಪೊಟ್ಟಣ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ. ಹಳೆ ಎಣ್ಣೆಯ ವಾಸನೆ ಬಂದರೆ ಎಸೆಯಿರಿ. ಆರು ವಾರವಾದ ಮೇಲೆ ಲಿಪಿಡ್ (ರಕ್ತದ ಕೊಲೆಸ್ಟ್ರಾಲ್) ಪರೀಕ್ಷೆ ಮಾಡಿಸಿ ನೋಡಿ.