ವಿಟಮಿನ್ ಎ ಗುಳಿಗೆಯಿಂದ ಪಾದದ ಉರಿ ಹೋಗುವುದೇ?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. ಗುಳೇದಗುಡ್ಡದಲ್ಲಿ ಖಣ ನೇಯುತ್ತಾರೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಈಚೆಗೆ ರಾತ್ರಿ ಪಾದ ಉರಿಯುತ್ತದೆ. ಕುಣಿಮಗ್ಗದಲ್ಲಿ ಕುಳಿತಾಗ ಕಾಲಡಿಯ ಹಲಗೆ ತುಳಿದದ್ದೇ ತಿಳಿಯುವುದಿಲ್ಲ ಎನ್ನುತ್ತಾರೆ. ವಿಟಮಿನ್ ಎ ಮೂಲದ ಔಷಧದಿಂದ ಹಾಳಾದ ನರ ಮತ್ತೆ ಬೆಳೆಯುತ್ತದೆ ಎಂದು ಓದಿದೆ. ಅಂಗಡಿಯಲ್ಲಿ ಸಿಗುವ ವಿಟಮಿನ್ ಎ ಗುಳಿಗೆ ಕೊಡಬಹುದೇ? ನನ್ನ ತಂಗಿ ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್ ಕೂಡ ಅದೇ ಗುಂಪಿನದಂತೆ, ಅದಾದರೂ ನಡೆದೀತೇ?
– ಓದುಗರು, ಬಾಗಲಕೋಟೆ ಜಿಲ್ಲೆ

ಉತ್ತರ (ನರರೋಗ ತಜ್ಞರು, ಬೆಳಗಾವಿ): ಎರಡನ್ನೂ ಕೊಡಬೇಡಿ. ನೀವು ಓದಿದ್ದು ಸುಳ್ಳಲ್ಲ. ಆದರೆ ಆ ಸಂಶೋಧನೆಗಳ ವಿಷಯ ನಾವು ಉಣ್ಣುವ ವಿಟಮಿನ್ ಎ ಅಲ್ಲ. ಅದರಿಂದ ಜೀವಕೋಶಗಳೊಳಗೆ ತಯಾರಾಗುವ ರೆಟಿನಾಯಿಕ್ ಆಮ್ಲ ಮತ್ತು ಆ ಆಮ್ಲ ಹೋಗಿ ಕೂಡುವ ಗ್ರಾಹಕಗಳು (ರಿಸೆಪ್ಟರ್‌ಗಳು), ಅಂದರೆ ಅದರ ಸಂಕೇತವನ್ನು ಸ್ವೀಕರಿಸುವ ಪ್ರೋಟೀನ್‌ಗಳು.

ಈ ಆಮ್ಲ ಕೋಶಕೇಂದ್ರದಲ್ಲಿರುವ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಬಗೆಯ ಗ್ರಾಹಕಗಳಿಗೆ ಅಂಟಿಕೊಂಡು ಹಲವು ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ನರತಂತು ಹೊಸದಾಗಿ ಚಾಚಿಕೊಳ್ಳಲು ಮುಖ್ಯವಾಗಿ ಬೇಕಾದುದು ಬೀಟಾ ಗ್ರಾಹಕವೆಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಪ್ರಯೋಗಾಲಯದಲ್ಲಿ ಕಂಡುಕೊಂಡರು. ಆ ಗ್ರಾಹಕವನ್ನೇ ಗುರಿಯಾಗಿಸಿಕೊಂಡು ರೂಪಿಸಿದ ಕೆಸಿಎಲ್-286 ಎಂಬ ಔಷಧದ ಮೊದಲ ಹಂತದ ಪರೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದನ್ನು ಕೊಟ್ಟದ್ದು ಆರೋಗ್ಯವಂತ ಪುರುಷರಿಗೆ, ನೋಡಿದ್ದು ಸುರಕ್ಷತೆಯನ್ನು, ಮುಂದಿನ ಉದ್ದೇಶ ಬೆನ್ನುಹುರಿಯ ಗಾಯ. ಸಕ್ಕರೆ ಕಾಯಿಲೆಯಿಂದ ಸೊರಗಿದ ಪಾದದ ನರಗಳಿಗೆ ಅದರಿಂದ ಉತ್ತರ ಇನ್ನೂ ಬಂದಿಲ್ಲ.

ರೋಗಿಗಳ ಮೇಲೆ ನಡೆದ ಎರಡು ಪರೀಕ್ಷೆಗಳನ್ನು ಹೇಳಬೇಕು. ಶ್ವಾಸಕೋಶದ ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುತ್ತಿದ್ದವರಲ್ಲಿ ರೆಟಿನಾಯಿಕ್ ಆಮ್ಲವು ಔಷಧದಿಂದಾಗುವ ನರಹಾನಿಯನ್ನು ಕಡಿಮೆ ಮಾಡಿತೆಂದು ಮೆಕ್ಸಿಕೊದ ವೈದ್ಯರು 2011ರಲ್ಲಿ ವರದಿ ಮಾಡಿದರು. ಅದು ಹಾನಿಯನ್ನು ತಡೆಯುವ ಪ್ರಯತ್ನವಾಗಿತ್ತೇ ಹೊರತು ಹಳೆಯ ಹಾನಿಯನ್ನು ಸರಿಪಡಿಸುವುದಲ್ಲ. ಇನ್ನೊಂದು, ಮಲ್ಟಿಪಲ್ ಸ್ಕ್ಲೆರೋಸಿಸ್ (ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ) ರೋಗಿಗಳಿಗೆ ಇದೇ ಬಳಗದ ಬೆಕ್ಸಾರೊಟೀನ್ ಕೊಟ್ಟು ಬ್ರಿಟನ್ನಿನಲ್ಲಿ ನಡೆಸಿದ, 2021ರಲ್ಲಿ ಪ್ರಕಟವಾದ ಪರೀಕ್ಷೆ. ಎಂಆರ್‌ಐನಲ್ಲಿ ನಿರೀಕ್ಷಿಸಿದ್ದ ಮುಖ್ಯ ಫಲ ಕಾಣಲಿಲ್ಲ. ಆದರೂ ಕಣ್ಣಿನಿಂದ ಮೆದುಳಿಗೆ ಸಾಗುವ ಸಂಕೇತದ ವೇಗ ಸುಧಾರಿಸಿ, ನರದ ಹೊದಿಕೆ ಒಂದಿಷ್ಟು ದುರಸ್ತಿಯಾದ ಕುರುಹು ಸಿಕ್ಕಿತು. ಅದಕ್ಕೆ ತೆತ್ತ ಬೆಲೆ ಮಾತ್ರ ದೊಡ್ಡದು: ಔಷಧ ಪಡೆದ 26 ಜನರಲ್ಲಿ ಎಲ್ಲರಿಗೂ ಥೈರಾಯ್ಡ್ ಹಾರ್ಮೋನ್ ಕುಸಿಯಿತು, 24 ಜನರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿತು. ಹೀಗಾಗಿ ಆ ಔಷಧವನ್ನು ಈ ರೋಗಕ್ಕೆ ಬಳಸುವುದು ಬೇಡವೆಂದು ಸಂಶೋಧಕರೇ ಹೇಳಿದರು. ನನ್ನ ದೃಷ್ಟಿಯಲ್ಲಿ ಇಡೀ ಕ್ಷೇತ್ರದ ಭರವಸೆ ಮತ್ತು ತೊಡಕು ಎರಡೂ ಈ ಒಂದು ಪರೀಕ್ಷೆಯಲ್ಲಿ ಕಾಣುತ್ತವೆ.

ಹಾಗಾದರೆ ವಿಟಮಿನ್ ಎ ಹೆಚ್ಚು ನುಂಗಿದರೆ ರೆಟಿನಾಯಿಕ್ ಆಮ್ಲವೂ ಹೆಚ್ಚಾಗುವುದಿಲ್ಲವೇ ಎಂದು ನೀವು ಕೇಳಬಹುದು. ದೇಹ ಅದಕ್ಕೆ ಸುಲಭವಾಗಿ ಆಸ್ಪದ ಕೊಡುವುದಿಲ್ಲ. ಹೆಚ್ಚಾದದ್ದು ಬಹುಮಟ್ಟಿಗೆ ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ. ಆಮ್ಲ ಮಿತಿಮೀರಿದರೆ ಅದನ್ನು ಒಡೆಯುವ ಕಿಣ್ವಗಳು ಚುರುಕಾಗುತ್ತವೆ. ವಯಸ್ಕರಿಗೆ ದಿನವೊಂದಕ್ಕೆ 3,000 ಮೈಕ್ರೊಗ್ರಾಂ, ಅಂದರೆ 10,000 ಯೂನಿಟ್, ಮೀರಬಾರದ ಮಿತಿ. ಅಂಗಡಿಯ ಕೆಲವು ಗುಳಿಗೆಗಳಲ್ಲಿ ಒಂದರಲ್ಲೇ ಇದರ ಹಲವು ಪಟ್ಟು ಇರುತ್ತದೆ. ಅವನ್ನು ತಿಂಗಳುಗಟ್ಟಲೆ ನುಂಗಿದರೆ ಯಕೃತ್ತು ಕೆಡಬಹುದು, ತಲೆಬುರುಡೆಯೊಳಗೆ ಒತ್ತಡ ಹೆಚ್ಚಿ ತಲೆನೋವು, ದೃಷ್ಟಿದೋಷ ಬರಬಹುದು. ಗಜ್ಜರಿ, ಮೆಂತೆ ಪಲ್ಯ, ರಾಜಗಿರಿ ಸೊಪ್ಪಿನಿಂದ ಈ ಭಯವಿಲ್ಲ. ಅವುಗಳಲ್ಲಿರುವ ಕ್ಯಾರೊಟಿನ್‌ನಿಂದ ದೇಹ ಬೇಕಾದಷ್ಟನ್ನೇ ಮಾಡಿಕೊಳ್ಳುತ್ತದೆ.

ಐಸೊಟ್ರೆಟಿನಾಯಿನ್ ವಿಷಯ ಇನ್ನೂ ನೇರ. ಅದರಿಂದ ನರಕ್ಕೆ ಉಪಯೋಗವಾದುದಕ್ಕೆ ಆಧಾರವಿಲ್ಲ. ಬದಲಿಗೆ ಅಪರೂಪಕ್ಕೆ ಕೈಕಾಲಿನ ನರಗಳಿಗೇ ತೊಂದರೆಯಾದ ವರದಿಗಳಿವೆ. ಗರ್ಭಿಣಿಯರು ತೆಗೆದುಕೊಂಡರೆ ಮಗುವಿಗೆ ಗಂಭೀರ ಅಂಗದೋಷಗಳಾಗುವುದರಿಂದ, ನಿಮ್ಮ ತಂಗಿ ಮದುವೆಯಾಗಿದ್ದರೆ ಅಥವಾ ಮದುವೆ ಹತ್ತಿರವಿದ್ದರೆ ಚರ್ಮವೈದ್ಯರಿಗೆ ತಪ್ಪದೆ ತಿಳಿಸಲಿ. ಔಷಧ ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ನಿಲ್ಲದಂತೆ ಎಚ್ಚರ ಬೇಕು.

ಇನ್ನು ನಿಮ್ಮ ತಂದೆಯವರ ಪಾದ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಮನೆಯ ಊಟ ಶಾಕಾಹಾರವಾದರೆ ಇನ್ನೂ ಬೇಗ. ಬಿ12 ಕೊರತೆಯಿಂದಲೂ ಇದೇ ರೀತಿ ಉರಿ, ಜೋಮು ಬರುತ್ತದೆ. ಬೇಗ ಪತ್ತೆಯಾದರೆ ಚಿಕಿತ್ಸೆಯಿಂದ ಸುಧಾರಿಸುವ ಕಾರಣ ಇದಾದ್ದರಿಂದ ಮೊದಲು ಆ ರಕ್ತಪರೀಕ್ಷೆಯನ್ನೂ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯನ್ನೂ ಮಾಡಿಸಿ. ‘ನರದ ಗುಳಿಗೆ’ ಎಂದು ಕೇಳಿ ತರುವ ಅಭ್ಯಾಸವಿದ್ದರೆ ಅದರಲ್ಲಿ ಬಿ6 ಎಷ್ಟಿದೆ ನೋಡಿ. ದೀರ್ಘಕಾಲ ಅತಿಯಾದ ಬಿ6 ನರವನ್ನೇ ಕೆಡಿಸುತ್ತದೆ. ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆಗಳಿದ್ದರೆ ಕುಷ್ಠರೋಗದ ತಪಾಸಣೆಯೂ ಆಗಲಿ. ರಾತ್ರಿಯ ಉರಿಗೆ ಪ್ರೆಗಬಾಲಿನ್, ಡ್ಯುಲೊಕ್ಸೆಟಿನ್, ಅಮಿಟ್ರಿಪ್ಟಿಲಿನ್‌ನಂಥ ಔಷಧಗಳಿವೆ. ಮೂತ್ರಪಿಂಡ ಮತ್ತು ಹೃದಯದ ಸ್ಥಿತಿ ನೋಡಿ ವೈದ್ಯರು ಆರಿಸುತ್ತಾರೆ. ಇವು ನರವನ್ನು ಬೆಳೆಸುವುದಿಲ್ಲ, ನಿದ್ದೆಗೆ ಅನುವು ಮಾಡಿಕೊಡುತ್ತವೆ.

ಉರಿಗಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಹಲಗೆ ತುಳಿದದ್ದು ತಿಳಿಯದಿರುವುದು. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಗಾಯವಾದರೂ ನೋಯುವುದಿಲ್ಲ. ಮಗ್ಗದಿಂದ ಎದ್ದ ಮೇಲೆ ದಿನಾಲೂ ಅಂಗಾಲು ಮತ್ತು ಬೆರಳ ಸಂದುಗಳನ್ನು ಮನೆಯವರೊಬ್ಬರು ಬೆಳಕಿನಲ್ಲಿ ನೋಡಬೇಕು. ಗುಳ್ಳೆ, ಬಿರುಕು, ಬಣ್ಣ ಬದಲಾವಣೆ ಏನೇ ಕಂಡರೂ ಮರುದಿನವೇ ವೈದ್ಯರಿಗೆ ತೋರಿಸಿ.