ಸೇಂಟ್ ಜಾರ್ಜ್ ಕೋಟೆ ಲೇಖನ: ವಾಪಸ್ ಯಾಕೆ ಕಳಿಸುತ್ತಿದ್ದೇನೆ ಅಂದರೆ

ನಮಸ್ಕಾರ,

ಚೆನ್ನೈನ ಸೇಂಟ್ ಜಾರ್ಜ್ ಕೋಟೆಯ ಇತಿಹಾಸದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಮುಖ ನೋಡಿಕೊಂಡು 'ಮುಂದಿನ ಸಂಚಿಕೆಗೆ ನೋಡೋಣ' ಅಂತ ಬರೆಯಬಹುದಿತ್ತು, ಆದರೆ ನಿಮ್ಮ ವಾಕ್ಯಗಳಲ್ಲಿ ಓಟ ಇದೆ, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ಮೊದಲ ಸಾಲಲ್ಲೇ 'ಶತ್ರುಗಳಿಗೆ ಸಿಂಹಸ್ವಪ್ನವಾಗಿದ್ದ ಅಜೇಯ ಕೋಟೆ' ಅಂದಿದ್ದೀರಿ. ಅಜೇಯ ಎಲ್ಲಿಂದ ಬಂತು? 1746ರ ಸೆಪ್ಟೆಂಬರ್‌ನಲ್ಲಿ ಫ್ರೆಂಚರ ಹಡಗುಗಳು ಬಂದು ಗುಂಡು ಹಾರಿಸಿದಾಗ ಒಳಗಿದ್ದವರು ಕೆಲವೇ ದಿನಗಳಲ್ಲಿ ಶರಣಾದರು. ನೀವು ಎರಡು ಪುಟ ಹೊಗಳಿರುವ ರಾಬರ್ಟ್ ಕ್ಲೈವ್ ಆಗ ಅಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತ. ವೇಷ ಮರೆಸಿಕೊಂಡು ಕಡಲೂರಿನ ಸೇಂಟ್ ಡೇವಿಡ್ ಕೋಟೆಗೆ ತಪ್ಪಿಸಿಕೊಂಡು ಹೋದ. ಇಂಗ್ಲಿಷರಿಗೆ ಈ ಕೋಟೆ ವಾಪಸ್ ಸಿಕ್ಕಿದ್ದೂ ಕತ್ತಿ ಹಿಡಿದು ಅಲ್ಲ. 1748ರಲ್ಲಿ ಯುರೋಪಿನಲ್ಲಿ ಒಪ್ಪಂದ ಆಯಿತು, ಉತ್ತರ ಅಮೆರಿಕದ ಲೂಯಿಬರ್ಗ್ ಕೋಟೆಯನ್ನು ಫ್ರೆಂಚರಿಗೆ ಬಿಟ್ಟುಕೊಟ್ಟು ಮದ್ರಾಸನ್ನು ಇವರು ತಗೊಂಡರು. ಎಲ್ಲೋ ಕೆನಡಾ ಕಡೆಯ ಕೋಟೆಗೆ ಬದಲಾಗಿ ಮದ್ರಾಸು! ಇಂಥ ಸಂಗತಿ ಕೈಯಲ್ಲಿರುವಾಗ ಸಿಂಹಸ್ವಪ್ನ ಯಾಕೆ ಬೇಕು ನಿಮಗೆ?

ನನ್ನ ಮುಖ್ಯ ತಕರಾರು ಇದೇ. ನೀವು ಇದನ್ನು ಚಿತ್ರದುರ್ಗದ ಕೋಟೆಯ ಹಾಗೆ ಬರೆದಿದ್ದೀರಿ. ಇದು ಶುರುವಾಗಿದ್ದು ವ್ಯಾಪಾರಿಗಳ ಗೋದಾಮು ಕಾಯುವುದಕ್ಕೆ. 'ಆಯಕಟ್ಟಿನ ಜಾಗ ನೋಡಿ ಕಟ್ಟಿದರು' ಅನ್ನುತ್ತೀರಲ್ಲ, ಅಲ್ಲಿ ಬೆಟ್ಟ ಇಲ್ಲ, ಆಗ ಬಂದರೂ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕಬೇಕು. ಜನ, ಸರಕು ಎಲ್ಲಾ ಹಗ್ಗದಲ್ಲಿ ಹೊಲಿದ ಹಲಗೆಯ ಮಸೂಲಾ ದೋಣಿಯಲ್ಲಿ ಅಲೆ ದಾಟಿ ಬರಬೇಕು, ನೆನೆಯದೆ ದಡ ಸೇರಿದರೆ ಪುಣ್ಯ. ಆದರೂ ಕಂಪನಿಯ ಅಧಿಕಾರಿ ಫ್ರಾನ್ಸಿಸ್ ಡೇ ಅದೇ ಜಾಗ ಹಿಡಿದ, ಯಾಕೆಂದರೆ ಆ ಕಡೆ ಒಳ್ಳೆಯ ಬಟ್ಟೆ ಅಗ್ಗಕ್ಕೆ ಸಿಗುತ್ತಿತ್ತು. ನೇಕಾರರು ನಿಮ್ಮ ಲೇಖನದಲ್ಲಿ ಒಂದು ಕಡೆಯೂ ಇಲ್ಲ.

ಇನ್ನೊಂದು ತಪ್ಪು, ಇದನ್ನು ನಮ್ಮ ಓದುಗರು ಬಿಡುವುದಿಲ್ಲ. 'ಮೊಘಲರ ಅನುಮತಿ ಪಡೆದು' ಅಂತ ಬರೆದಿದ್ದೀರಿ. 1639ರಲ್ಲಿ ಜಾಗ ಕೊಟ್ಟಿದ್ದು ದಾಮರ್ಲ ವೆಂಕಟಾದ್ರಿ ನಾಯಕ, ಅವನ ಮೇಲಿದ್ದದ್ದು ವಿಜಯನಗರದ ಅರವೀಡು ವಂಶದ ರಾಜ. 1565ಕ್ಕೆ ವಿಜಯನಗರದ ಕಥೆ ಮುಗಿಯಿತು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹಂಪಿ ಬಿಟ್ಟ ಮೇಲೂ ಆ ಮನೆತನ ಆಂಧ್ರದ ಕಡೆ ಹೋಗಿ ಆಳುತ್ತಿತ್ತು, ಕಂಪನಿಗೆ ಮದ್ರಾಸಿನಲ್ಲಿ ಕಾಲಿಡಲು ಜಾಗ ಸಿಕ್ಕಿದ್ದು ಅದರ ಕೈಕೆಳಗಿನ ನಾಯಕನಿಂದ. ಕನ್ನಡದಲ್ಲಿ ಈ ಕೋಟೆ ಬಗ್ಗೆ ಬರೆಯುವವರು ಇದನ್ನು ಬಿಟ್ಟರೆ ಹೇಗೆ?

ಹೈದರಾಲಿಯನ್ನೂ ಒಂದೇ ಸಾಲಲ್ಲಿ ಮುಗಿಸಿದ್ದೀರಿ: 'ಹೈದರನ ದಾಳಿಯನ್ನೂ ಕೋಟೆ ತಡೆದುಕೊಂಡಿತು.' ಅವನು ಕೋಟೆ ಮೇಲೆ ದಾಳಿ ಮಾಡಲೇ ಇಲ್ಲ. 1769ರಲ್ಲಿ ಇಂಗ್ಲಿಷ್ ಸೈನ್ಯ ಎಲ್ಲೋ ಹುಡುಕುತ್ತಿರುವಾಗ ಕುದುರೆ ಪಡೆ ಕಟ್ಟಿಕೊಂಡು ಸೀದಾ ಮದ್ರಾಸಿನ ಹೊರವಲಯಕ್ಕೆ, ಸೇಂಟ್ ಥಾಮಸ್ ಮೌಂಟ್ ಹತ್ತಿರಕ್ಕೆ ಬಂದು ಕೂತ. ಗೋಡೆ ಎಷ್ಟು ದಪ್ಪ ಇದ್ದರೇನು, ಸಾಹೇಬರ ತೋಟದ ಮನೆಗಳೆಲ್ಲಾ ಹೊರಗಿದ್ದವು. ಮದ್ರಾಸಿನಲ್ಲಿ ಕಂಪನಿಯ ಆಡಳಿತ ನಡೆಸುತ್ತಿದ್ದ ಕೌನ್ಸಿಲ್‌ನವರು ಮಾತುಕತೆಗೆ ಇಳಿದರು, ಏಪ್ರಿಲ್‌ನಲ್ಲಿ ಒಪ್ಪಂದ ಆಯಿತು: ಗೆದ್ದ ಜಾಗ ಪರಸ್ಪರ ವಾಪಸ್, ಒಬ್ಬರ ಮೇಲೆ ಯಾರಾದರೂ ಬಿದ್ದರೆ ಇನ್ನೊಬ್ಬರ ಸಹಾಯ. ಆಮೇಲೆ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಕಂಪನಿ ಬರಲಿಲ್ಲ, ಹೈದರ್ ಅದನ್ನು ಮರೆಯಲೂ ಇಲ್ಲ. ಒಂದು ಗುಂಡೂ ತಾಗದೆ ಕೋಟೆ ಬಗ್ಗಿದ ಪ್ರಸಂಗ ಇದು. ನಾನಾಗಿದ್ದರೆ ಲೇಖನವನ್ನೇ ಇಲ್ಲಿಂದ ಶುರು ಮಾಡುತ್ತಿದ್ದೆ. ಕೋಟೆಯ ಮ್ಯೂಸಿಯಂನಲ್ಲಿರುವ, ಟಿಪ್ಪುವನ್ನು ಸೋಲಿಸಿದ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಪ್ರತಿಮೆಯನ್ನು 'ಭವ್ಯ' ಅಂದು ಬಿಟ್ಟಿದ್ದೀರಿ. ಅದರ ಪೀಠದಲ್ಲಿ ಕೆತ್ತಿರುವುದು 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳಾಗಿ ಒಪ್ಪಿಸುವ ದೃಶ್ಯ. ಮೈಸೂರಿನ ಕಡೆಯ ಓದುಗರಿಗೆ ಅದಕ್ಕಿಂತ ಜಾಸ್ತಿ ಇನ್ನೇನು ಬೇಕು?

ಕತ್ತರಿಸಬೇಕಾದದ್ದು ಹೇಳಿಬಿಡುತ್ತೇನೆ. ಗವರ್ನರ್‌ಗಳ ಪಟ್ಟಿ ಪೂರ್ತಿ ಹೋಗಲಿ. ಸೇಂಟ್ ಮೇರೀಸ್ ಚರ್ಚ್‌ನಲ್ಲಿ ಕ್ಲೈವ್‌ಗೆ ಮದುವೆ ಆಯಿತು, ಮದ್ರಾಸಿನ ಗವರ್ನರ್ ಆಗಿದ್ದ ಎಲಿಹು ಯೇಲ್‌ಗೂ ಆಯಿತು ಅನ್ನುವುದಕ್ಕೆ ಒಂದು ವಾಕ್ಯ ಸಾಕು, ಅದೂ ಎಲ್ಲರೂ ಬರೆದದ್ದೇ. ಅದರ ಬದಲು 1680ರ ಆ ಚರ್ಚಿನ ಚಾವಣಿಯನ್ನು ಗುಂಡು ಬಿದ್ದರೂ ತಡೆಯುವ ಹಾಗೆ ದಪ್ಪಗೆ ಕಮಾನು ಹಾಕಿ ಕಟ್ಟಿದ್ದನ್ನು ಹೇಳಿ. ದೇವರ ಮನೆಗೂ ಅಂಥ ಚಾವಣಿ ಬೇಕಾಗಿತ್ತು, ನೋಡಿ.

ಕೊನೆಯಲ್ಲಿ 'ಇಂದಿಗೂ ಅಲೆಗಳು ಕೋಟೆ ಗೋಡೆಗೆ ಅಪ್ಪಳಿಸುತ್ತವೆ' ಅಂದಿದ್ದೀರಿ. ನೀವು ಅಲ್ಲಿಗೆ ಹೋಗಿಲ್ಲ ಅಲ್ವಾ? ಹಿಂದೆ ಸಮುದ್ರ ಗೋಡೆ ಪಕ್ಕದಲ್ಲೇ ಇತ್ತು, ನಿಜ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂದರು ಕಟ್ಟಿದ ಮೇಲೆ ಅದರ ದಕ್ಷಿಣಕ್ಕೆ ಮರಳು ತುಂಬಿ ದಡ ಮುಂದೆ ಹೋಯಿತು. ಈಗ ನಡುವೆ ದೊಡ್ಡ ರಸ್ತೆ ಇದೆ, ಬಸ್ಸು ಓಡುತ್ತವೆ. ಒಳಗೆ ತಮಿಳುನಾಡಿನ ವಿಧಾನಸಭೆ, ಸಚಿವಾಲಯ ಇರುವುದರಿಂದ ಗೇಟಿನಲ್ಲಿ ಪೊಲೀಸರು ತಪಾಸಣೆ ಮಾಡುತ್ತಾರೆ. ಹೋಗುವಾಗ ಗುರುತಿನ ಚೀಟಿ ಇಟ್ಟುಕೊಳ್ಳಿ.

ಹೊಸದಾಗಿ ಬರೆದು ಕಳಿಸಿ, ಈಗಿನದರ ಅರ್ಧ ಉದ್ದ ಸಾಕು. ಚಿತ್ರ ನೀವೇ ತೆಗೆದದ್ದಿರಲಿ. ಇಂಟರ್ನೆಟ್‌ನಿಂದ ಇಳಿಸಿಕೊಂಡದ್ದು ಬೇಡ.